ಮೀಟರ್ ಮಾವನ ಮೇಲೊಂದು ಮಹಜರು

ಮೀಟರ್ ಮಾವ ಮೂವತ್ತೊಂದು ವರ್ಷ ನೀರಿನ ಇಲಾಖೆಯಲ್ಲಿ ಮೀಟರ್ ಓದಿದವರು. ಓದುವುದು ಎಂದರೆ ಬರೀ ಅಂಕಿ ಬರೆದುಕೊಂಡು ಬರುವುದಲ್ಲ. ಯಾವ ಮನೆಯ ಮೀಟರು ನಿಯತ್ತಾಗಿ ತಿರುಗುತ್ತಿದೆ, ಯಾವುದಕ್ಕೆ ಯಾರೋ ಕೈ ಹಾಕಿದ್ದಾರೆ ಎಂಬುದನ್ನು ಅವರು ಗೇಟಿನ ಚಿಲಕ ತೆಗೆಯುವಾಗಲೇ ಅಂದಾಜು ಮಾಡುತ್ತಿದ್ದರು. ಮನೆಯೊಡತಿ ಬಾಗಿಲಿಗೇ ಬಂದು "ಅಯ್ಯೋ, ಬಿಸಿಲಲ್ಲಿ ಬಂದಿದೀರಿ, ತಣ್ಣಗೆ ಏನಾದ್ರೂ ಕುಡೀತೀರಾ" ಎಂದು ಉಪಚಾರಕ್ಕೆ ನಿಂತರೆ ಮಾವನ ಕಿವಿ ನೆಟ್ಟಗಾಗುತ್ತಿತ್ತು. ಕೊಟ್ಟದ್ದನ್ನು ಕುಡಿದು, ಲೋಟ ಕೆಳಗಿಟ್ಟು, ಬಾಯಿ ಒರೆಸಿಕೊಂಡು, ನೇರ ಹೋಗಿ ಮೀಟರಿನ ಹಿಂದೆ ಅಂಟಿಸಿದ್ದ ಅಯಸ್ಕಾಂತವನ್ನು ಕಿತ್ತು ಆಕೆಯ ಕೈಗೇ ಕೊಡುತ್ತಿದ್ದರು. "ಇದು ನಿಮ್ಮದೇ ಇರ್ಬೇಕು, ಬಿದ್ದು ಹೋಗಿತ್ತು ನೋಡಿ" ಎನ್ನುವಷ್ಟು ಮರ್ಯಾದೆಸ್ಥರು ಬೇರೆ.

ಕಳ್ಳತನವನ್ನು ಕಾಗದದ ಮೇಲೆ ಹಿಡಿಯುವ ಕಲೆಯೂ ಅವರಿಗೆ ಒಲಿದಿತ್ತು. ಬೇಸಿಗೆಯಲ್ಲಿ ಊರಿಗೆಲ್ಲ ನೀರಿನ ಬಳಕೆ ಏರುವಾಗ ಯಾರದೋ ಒಬ್ಬರ ಮನೆಯದು ಮಾತ್ರ ಇಳಿದಿದ್ದರೆ ಮಾವ ಮೊದಲು ಅಲ್ಲಿಗೇ ಹೋಗುತ್ತಿದ್ದರು. ಸಿಕ್ಕಿಬಿದ್ದವರ ಮೇಲೆ ಕೂಗಾಡುವವರಲ್ಲ. ಮೂಲೆಯಲ್ಲಿ ಒಂದು ಕುರ್ಚಿ ಕೇಳಿ, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು, ದುಂಡಗಿನ ಅಕ್ಷರದಲ್ಲಿ ಮಹಜರು ಬರೆಯುತ್ತಿದ್ದರು. ಏನು ಕಂಡಿತು, ಎಲ್ಲಿ ಕಂಡಿತು, ಯಾರು ಒಪ್ಪಿಕೊಂಡರು. ಕೆಳಗೆ ಸಾಕ್ಷಿಗಾಗಿ ಇಬ್ಬರು ಪಂಚರ ರುಜು. ನಾನ್ನೂರಕ್ಕೂ ಮಿಕ್ಕಿ ಮಹಜರು ಬರೆದಿದ್ದರು, ಒಂದರಲ್ಲೂ ಅಕ್ಷರ ಹೊಡೆದುಹಾಕಿ ತಿದ್ದಿದ್ದಿಲ್ಲ.

ಇಂಥ ಮನುಷ್ಯನ ಎದೆಯೊಳಗಿನ ಕೊಳವೆಗಳೇ ಕಟ್ಟಿಕೊಂಡವು. ಹನ್ನೆರಡು ವರ್ಷದ ಹಿಂದೆ ಒಮ್ಮೆ ಎದೆ ಸೀಳಿ ಬೈಪಾಸ್ ಮಾಡಿದ್ದರು. ನಿವೃತ್ತಿಯಾದ ಮೇಲೆ ಆ ಹೊಸ ದಾರಿಗಳೂ ಮುಚ್ಚತೊಡಗಿದವು. ಮತ್ತೆ ಕೊಯ್ಯಲು ಜಾಗವಿಲ್ಲ, ಸ್ಟೆಂಟ್ ತೂರಿಸಲು ನಾಳಗಳು ತೀರಾ ಸಣ್ಣ, ಮಾತ್ರೆ ನುಂಗಿಕೊಂಡಿರಿ ಎಂದರು ಡಾಕ್ಟರು. ನೋವು ಬಂದರೆ ನಾಲಿಗೆಯ ಅಡಿ ಇಟ್ಟುಕೊಳ್ಳಲು ಒಂದು ಪುಟ್ಟ ಮಾತ್ರೆಯನ್ನೂ ಬರೆದುಕೊಟ್ಟು, ಅದು ರಕ್ತದೊತ್ತಡವನ್ನೂ ಇಳಿಸುತ್ತದೆ, ಕೂತುಕೊಂಡೇ ತೆಗೆದುಕೊಳ್ಳಿ ಎಂದರು.

ನೋವು ಬರುತ್ತಿತ್ತು. ಆದರೆ ಮಾವ ಅದನ್ನು ಹೆಂಡತಿಗೆ ಹೇಳಲಿಲ್ಲ. ಹೆಂಡತಿ ಎಂದರೆ ಇಡೀ ಕಟ್ಟಡಕ್ಕೇ ಅತ್ತೆ. ಮೂರನೇ ಮಹಡಿಯ ಮನೆಯಲ್ಲಿ, ಪೂರ್ವದ ಕಿಟಕಿಗೆ ಹೊಲಿಗೆ ಯಂತ್ರ ಒತ್ತಿಸಿಕೊಂಡು, ಇಪ್ಪತ್ತಾರು ವರ್ಷದಿಂದ ಊರಿನ ಕಿಟಕಿಗಳಿಗೆಲ್ಲ ಪರದೆ ಹೊಲಿಯುತ್ತಿದ್ದವರು. ಅವರ ಕಣ್ಣು ಮಂಜಾಗಿತ್ತು, ಆ ಕಿಟಕಿಯ ಬೆಳಕೇ ಅವರ ಅರ್ಧ ಕಣ್ಣು. ಮಗಳೋ, ತನ್ನ ಮನೆಯ ಹತ್ತಿರ ನೆಲಮಹಡಿಯ ಎರಡು ಕೋಣೆ ನೋಡಿಟ್ಟುಕೊಂಡು ಕೂತಿದ್ದಳು. "ಅಪ್ಪನಿಗೆ ಹತ್ತೋಕೆ ಕಷ್ಟ ಆಗ್ತಿದೆ ಅಂತ ಗೊತ್ತಾದ ದಿನವೇ ನಿಮ್ಮಿಬ್ಬರನ್ನೂ ಸಾಮಾನು ಸಮೇತ ಇಳಿಸ್ತೀನಿ" ಎಂದು ಫೋನಿನಲ್ಲಿ ಆಗಾಗ ಎಚ್ಚರಿಸುತ್ತಿದ್ದಳು. ಆ ಕೋಣೆಗಳನ್ನು ಮಾವ ಗುಟ್ಟಾಗಿ ನೋಡಿಬಂದಿದ್ದರು. ಕಿಟಕಿ ತೆರೆದರೆ ಪಕ್ಕದವರ ಗೋಡೆಗೆ ಕೈ ತಾಗುತ್ತಿತ್ತು.

ಹಾಗಾಗಿ ಐವತ್ತನಾಲ್ಕು ಮೆಟ್ಟಿಲನ್ನು ಮಾವ ಉಪಾಯದಿಂದ ಹತ್ತತೊಡಗಿದರು. ಪ್ರತಿ ಮಹಡಿಯ ತಿರುವಿನಲ್ಲೂ ಆಯಾ ಮನೆಗಳ ನೀರಿನ ಮೀಟರ್ ಪೆಟ್ಟಿಗೆ ಇತ್ತು. ಎದೆ ಹಿಂಡಿದ ಕೂಡಲೇ ಮಾವ ಅದರ ಮುಂದೆ ಬಗ್ಗಿ, ಮುಚ್ಚಳ ತೆಗೆದು, ಗಂಭೀರವಾಗಿ "ಹೂಂ" ಎನ್ನುತ್ತಿದ್ದರು. ಹಿಂದೆ ಚೀಲ ಹೊತ್ತು ಬರುತ್ತಿದ್ದ ಅತ್ತೆ, "ರಿಟೈರಾಗಿ ಆರು ವರ್ಷ ಆಯ್ತು, ಇನ್ನೂ ಕಂಡೋರ ಮೀಟರಿಗೆ ಮೂಗು ತೂರಿಸ್ತೀರಲ್ಲ, ನಾಚಿಕೆ ಆಗಲ್ವಾ ನಿಮಗೆ? ನನ್ನ ಕೈ ಸೋತು ಹೋಯ್ತು, ನಡೀರಿ" ಎಂದು ಗದರುತ್ತಿದ್ದರು. ಮಾವ ಬೈಸಿಕೊಂಡು ಉಸಿರು ಸುಧಾರಿಸಿಕೊಂಡು ಮುಂದಿನ ತಿರುವಿಗೆ ಹೊರಡುತ್ತಿದ್ದರು. ಇದರಿಂದ ನಿಜವಾಗಿ ಕಷ್ಟಕ್ಕೆ ಬಿದ್ದವರು ಎರಡನೇ ಮಹಡಿಯ ಮೇಷ್ಟ್ರು. ತಮ್ಮ ಮೇಲೆ ಇಲಾಖೆಗೆ ಏನೋ ಅನುಮಾನ ಬಂದಿದೆ ಎಂದುಕೊಂಡು ಅವರು ಕುಂಡದ ಗಿಡಗಳಿಗೆ ನೀರು ನಿಲ್ಲಿಸಿದರು, ಆಮೇಲೆ ಎರಡು ದಿನಕ್ಕೊಂದು ಸ್ನಾನ ಎಂದು ಮನೆಯವರಿಗೆಲ್ಲ ಕಟ್ಟಪ್ಪಣೆ ಮಾಡಿದರು.

ಹೀಗೆ ಹದಿನಾಲ್ಕು ತಿಂಗಳು ನಡೆಯಿತು. ಒಂದು ತಪಾಸಣೆಯ ದಿನ, ಅತ್ತೆ ಔಷಧಿಯ ಸಾಲಿನಲ್ಲಿ ನಿಂತಿದ್ದ ಹೊತ್ತು ನೋಡಿ, ಮಾವ ಹೃದಯದ ಡಾಕ್ಟರಮ್ಮನಿಗೆ "ಹತ್ತುವಾಗ ಸ್ವಲ್ಪ ಹಿಡಿದ ಹಾಗಾಗುತ್ತೆ" ಎಂದು ಬಾಯಿಬಿಟ್ಟರು. ಸ್ಕ್ಯಾನ್ ಮಾಡಿಸಿದರೆ "ಸ್ವಲ್ಪ" ಎಂಬ ಮಾತು ಸುಳ್ಳಾಯಿತು. ಹೃದಯದ ಒಂದು ಮಗ್ಗುಲಿಗೆ ರಕ್ತ ಸರಿಯಾಗಿ ಹೋಗುತ್ತಲೇ ಇರಲಿಲ್ಲ.

"ಒಂದು ಯಂತ್ರ ಬಂದಿದೆ," ಎಂದರು ಡಾಕ್ಟರಮ್ಮ. "ಕೊಯ್ಯೋದಿಲ್ಲ, ಚುಚ್ಚೋದಿಲ್ಲ. ಎದೆ ಮೇಲಿಂದಲೇ ಸಣ್ಣ ಆಘಾತದ ಅಲೆಗಳನ್ನ ಒಳಗೆ ಕಳಿಸ್ತೀವಿ. ರಕ್ತ ಸಾಲದ ಕಡೆ ಹೊಸದಾಗಿ ಸಣ್ಣ ಸಣ್ಣ ನಾಳ ಚಿಗುರಬಹುದು ಅನ್ನೋ ಆಸೆ. ಎಲ್ಲರಿಗೂ ಗುಣ ಕೊಡುತ್ತೆ ಅಂತ ನಾನು ಮಾತು ಕೊಡಲ್ಲ."

"ಅಂದ್ರೆ ಮೇನ್ ಲೈನ್ ಕೈ ಬಿಟ್ಟು ಓಣಿ ಓಣಿಗೆ ಸಣ್ಣ ಪೈಪ್ ಎಳೀತೀರಿ," ಎಂದರು ಮಾವ. ಇಲಾಖೆಯ ಎಂಜಿನಿಯರುಗಳಿಗಿಂತ ಈಕೆ ಬುದ್ಧಿವಂತೆ ಎಂದು ಅವರಿಗೆ ಆಗಲೇ ಅನ್ನಿಸಿತು.

ಚಿಕಿತ್ಸೆ ಮೂರು ಸುತ್ತು, ಒಂದೊಂದು ಸುತ್ತಿನಲ್ಲೂ ಮೂರು ಸಲ. ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ಕೆಲವು ವಾರ ಬಿಡುವು. ಆದರೆ ಆ ಆಸ್ಪತ್ರೆಯಲ್ಲಿ ಯಂತ್ರ ಒಂದೇ, ಕಾಯುವವರು ಬಹಳ. ಅದಕ್ಕೊಂದು ಕಟ್ಟಳೆ ಮಾಡಿಕೊಂಡಿದ್ದರು: ಶುರುವಿಗೆ ಮುಂಚೆ ಆರು ನಿಮಿಷ ನಡೆಸಿ ಎಷ್ಟು ದೂರ ಹೋದರೆಂದು ಅಳೆಯುವುದು, ಎರಡನೇ ಸುತ್ತಾದ ಮೇಲೆ ಮತ್ತೆ ಅಳೆಯುವುದು. ಏನೂ ಗುಣ ಕಾಣದಿದ್ದರೆ ಮೂರನೇ ಸುತ್ತು ಮುಂದಿನವರಿಗೆ. ಇದನ್ನು ಡಾಕ್ಟರಮ್ಮ ಎರಡು ಸಲ ಬಿಡಿಸಿ ಹೇಳಿದರು. ಮಾವ ಮನೆಗೆ ಬಂದು ಅತ್ತೆಗೆ "ಏನಿಲ್ಲ ಕಣೇ, ಗಾಡಿ ಸರ್ವೀಸಿಗೆ ಬಿಡ್ತೀವಲ್ಲ, ಆ ಥರ" ಎಂದರು.

ಮೊದಲ ನಡಿಗೆಯ ದಿನ ಅತ್ತೆಯೂ ಬಂದರು. ಬರಬೇಡ ಎಂದರೆ ಅನುಮಾನ ಬರುತ್ತಿತ್ತು. ಹೃದ್ರೋಗ ವಿಭಾಗದ ಎದುರಿಗೆ ಮೂವತ್ತು ಮೀಟರಿನ ಮೊಗಸಾಲೆ, ಎರಡು ತುದಿಗೂ ಕಿತ್ತಳೆ ಬಣ್ಣದ ಒಂದೊಂದು ಶಂಕು. ಈ ತುದಿಯಲ್ಲಿ ಮೇಜು ಹಾಕಿಕೊಂಡು ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದ ಹುಡುಗಿ, ಫಿಸಿಯೋ ವಿಭಾಗದವಳು. ನಟ್ಟನಡುವಿನ ಬೆಂಚಿನಲ್ಲಿ ಮಡಿಲ ಮೇಲೆ ಚೀಲ ಇಟ್ಟುಕೊಂಡು ಅತ್ತೆ. ಹುಡುಗಿ ರಕ್ತದೊತ್ತಡ ನೋಡಿ ಬರೆದುಕೊಂಡು, "ಆದಷ್ಟು ಬೇಗ ನಡೀರಿ ಸಾರ್. ನೋವು ಬಂದ್ರೆ ನಿಂತು ಹೇಳಿ" ಎಂದಳು.

ಹೇಳುವುದೆಲ್ಲಿ ಬಂತು. ಅತ್ತೆಯ ಕಣ್ಣೆದುರಿಗೇ ಎರಡನೇ ನಿಮಿಷಕ್ಕೆ ಎದೆ ಹಿಡಿದು ನಿಂತರೆ ಸಂಜೆಗೆ ಮಗಳು ಲಾರಿ ತರುತ್ತಾಳೆ. ಮಾವ ಮೊಗಸಾಲೆಯನ್ನು ಒಮ್ಮೆ ಕಣ್ಣಲ್ಲೇ ಅಳೆದರು. ಆ ತುದಿಯಲ್ಲಿ ಗಾಲಿಕುರ್ಚಿಗಳನ್ನು ಒಂದರೊಳಗೊಂದು ಸೇರಿಸಿ ನಿಲ್ಲಿಸಿದ್ದರು. ಶಂಕು ಅವುಗಳ ಮರೆಯಲ್ಲಿ. ಹುಡುಗಿ ಎಣಿಸುವುದು ಸುತ್ತುಗಳನ್ನು, ಹೆಜ್ಜೆಗಳನ್ನಲ್ಲ. ಮೂವತ್ತೊಂದು ವರ್ಷ ಕಳ್ಳರ ಹಿಂದೆ ಬಿದ್ದವರಿಗೆ ಕದಿಯುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. "ಒಂದ್ನಿಮಿಷ, ಟಾಯ್ಲೆಟ್ಟಿಗೆ ಹೋಗಿ ಬರ್ತೀನಿ" ಎಂದು ಹೋಗಿ, ಮಾತ್ರೆಯನ್ನು ನಾಲಿಗೆಯ ಅಡಿ ಸೇರಿಸಿಕೊಂಡು ಬಂದರು. ಆಮೇಲೆ ಕೈ ಬೀಸಿಕೊಂಡು ನಡೆದದ್ದೇ ನಡೆದದ್ದು. ದೂರದ ತುದಿಯಲ್ಲಿ ಪ್ರತಿ ಸಲವೂ ಶಂಕುವಿಗೆ ಎರಡು ಮೀಟರ್ ಉಳಿದಿರುವಾಗಲೇ ತಿರುಗಿಬಿಟ್ಟರು. ಮುನ್ನೂರ ತೊಂಬತ್ತು ಮೀಟರ್, ನೋವು ಇಲ್ಲ ಎಂದು ಹುಡುಗಿ ಬರೆದಳು. ಮತ್ತೆ ರಕ್ತದೊತ್ತಡ ನೋಡಿ, ಯಂತ್ರವನ್ನು ಒಮ್ಮೆ ಅಲುಗಿಸಿ, ಅದನ್ನೂ ಬರೆದಳು. "ನೋಡಿದ್ಯಾ?" ಎಂದರು ಮಾವ ಅತ್ತೆಗೆ. ಮಾತ್ರೆಯ ದೆಸೆಯಿಂದ ತಲೆ ಸಿಡಿಯುತ್ತಿತ್ತು, ಅದನ್ನೂ ನುಂಗಿಕೊಂಡರು.

ಚಿಕಿತ್ಸೆ ಶುರುವಾಯಿತು. ಮಂಚದ ಮೇಲೆ ಮಲಗಿಸಿ, ಎದೆಗೆ ತಣ್ಣನೆಯ ಜೆಲ್ ಹಚ್ಚಿ, ಪರದೆಯ ಮೇಲೆ ಹೃದಯದ ಚಿತ್ರ ನೋಡುತ್ತ ಡಾಕ್ಟರಮ್ಮ ಬಡಕಲು ಜಾಗವನ್ನು ಹುಡುಕುತ್ತಿದ್ದರು. ಸಿಕ್ಕ ಮೇಲೆ ನೀರು ತುಂಬಿದ ಮೆತ್ತನೆಯ ಟೊಪ್ಪಿಗೆಯಂಥದೊಂದನ್ನು ಅಲ್ಲಿಗೆ ಒತ್ತುತ್ತಿದ್ದರು. ಯಂತ್ರ ಹೃದಯದ ಬಡಿತವನ್ನು ಕಾಯ್ದುಕೊಂಡಿದ್ದು, ತಕ್ಕ ಗಳಿಗೆಯಲ್ಲಿ ಮಾತ್ರ 'ಟಕ್' ಎನ್ನುತ್ತಿತ್ತು. ನೋವೇನೂ ಇಲ್ಲ, ಬೆರಳಲ್ಲಿ ಮಿಡಿದಂತೆ. ಮಾವನಿಗಿದ್ದ ಒಂದೇ ಕಷ್ಟವೆಂದರೆ ಸುಮ್ಮನಿರುವುದು. ಮಾತಾಡಿದರೂ ನಕ್ಕರೂ ಚಿತ್ರ ಜರುಗಿ, ಡಾಕ್ಟರಮ್ಮ ಎಲ್ಲವನ್ನೂ ನಿಲ್ಲಿಸಿ ಮತ್ತೆ ಹುಡುಕಬೇಕಾಗುತ್ತಿತ್ತು.

"ಡಾಕ್ಟರಮ್ಮಾ, ನಿಂತುಹೋದ ಮೀಟರಿಗೆ ನಾವೂ ಹೀಗೇ ಗೆಣ್ಣಲ್ಲಿ ತಟ್ತಾ ಇದ್ವಿ. ನೂರಕ್ಕೆ ಹತ್ತು ತಿರುಗೋವು."

"ಮಾತಾಡಬೇಡಿ."

"ಉಳಿದ ತೊಂಬತ್ತು ಏನಾಗ್ತಿತ್ತು ಅಂತ ಕೇಳಲ್ವಾ?"

"ಇನ್ನೊಂದು ಮಾತಾಡಿದ್ರೆ ಬಾಯಿಗೆ ಪ್ಲಾಸ್ಟರ್ ಹಾಕ್ತೀನಿ," ಎಂದರು ಡಾಕ್ಟರಮ್ಮ. ಇಪ್ಪತ್ತು ನಿಮಿಷದ ಕೆಲಸಕ್ಕೆ ಮಾವನೊಬ್ಬರಿಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು.

ಎರಡನೇ ಸುತ್ತು ಮುಗಿದು ಕೆಲವು ದಿನಗಳಾಗಿರಬೇಕು. ಮಾವ ಏನೋ ಯೋಚಿಸುತ್ತ ಮೆಟ್ಟಿಲು ಹತ್ತಿದವರು ಎರಡನೇ ಮಹಡಿಯ ತಿರುವಿಗೆ ಬಂದಿದ್ದರು. ಮೊದಲನೇ ಮಹಡಿ ಯಾವಾಗ ದಾಟಿತು ಎಂಬುದೇ ನೆನಪಿಲ್ಲ. ಅಭ್ಯಾಸಬಲದಿಂದ ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕಿದರು, ಎದೆ ಮುಟ್ಟಿ ನೋಡಿಕೊಂಡರು, ಮುಚ್ಚಳ ಬಿಟ್ಟು ಹಾಗೇ ಮೇಲಕ್ಕೆ ಹೋದರು. ಬಾಗಿಲ ಸಂದಿಯಿಂದ ನೋಡುತ್ತಿದ್ದ ಮೇಷ್ಟ್ರು ಅಂದು ಎರಡು ಬಕೆಟ್ ನೀರು ಹೊಯ್ದುಕೊಂಡು ಸ್ನಾನ ಮಾಡಿದರು. ಮಾವನಿಗೆ ಒಳಗೊಳಗೇ ಹಿಗ್ಗು. ಈ ಯಂತ್ರದ ಋಣ ತೀರಿಸಬೇಕು, ಎರಡನೇ ನಡಿಗೆಯಲ್ಲಿ ಮಾತ್ರೆ ಗೀತ್ರೆ ಯಾವುದೂ ಬೇಡ, ಶಂಕುವನ್ನು ಸುತ್ತು ಹಾಕಿಯೇ ತಿರುಗಬೇಕು, ನೋವು ಬಂದರೆ ಬಂತೆಂದೇ ಹೇಳಬೇಕು ಎಂದು ತೀರ್ಮಾನಿಸಿದರು. ಪ್ರಾಮಾಣಿಕತೆ ಅವರನ್ನು ಹಾಳು ಮಾಡಿದ್ದು ಹೀಗೆ.

ಎರಡನೇ ನಡಿಗೆಯ ಕಾಗದ ಡಾಕ್ಟರಮ್ಮನ ಮೇಜಿಗೆ ಬಂತು. ಮುನ್ನೂರ ಎಪ್ಪತ್ತೈದು ಮೀಟರ್. ಐದನೇ ನಿಮಿಷಕ್ಕೆ ಲಘುವಾಗಿ ನೋವು.

"ಮೊದಲಿಗಿಂತ ಹದಿನೈದು ಮೀಟರ್ ಕಮ್ಮಿ," ಎಂದರು ಡಾಕ್ಟರಮ್ಮ. "ಆಗ ಇಲ್ಲದ ನೋವು ಈಗ ಬಂದಿದೆ. ನನಗೂ ಬೇಜಾರಾಗ್ತಿದೆ. ಆದ್ರೆ ನಿಮಗೆ ಇದರಿಂದ ಉಪಯೋಗ ಆಗ್ತಾ ಇಲ್ಲ. ಮೂರನೇ ಸುತ್ತನ್ನ ಕಾಯ್ತಾ ಇರೋರಿಗೆ ಕೊಡಬೇಕಾಗುತ್ತೆ."

"ಅಷ್ಟು ಬಿರುಸಾಗಿ ನಡೆದ್ರೆ ಯಾರಿಗಾದ್ರೂ ಚೂರು ನೋಯುತ್ತೆ. ಸರ್ವೀಸ್ ಅಲ್ವಾ ಇದು, ಬಿಟ್ಟರೆ ಬಿಡಲಿ," ಎಂದರು ಪಕ್ಕದಲ್ಲಿದ್ದ ಅತ್ತೆ, ಗಂಡನಿಗೆ ಸಮಾಧಾನ ಹೇಳುವವರಂತೆ.

ಉಪಯೋಗ ಆಗಿದೆ ಎಂದು ಮಾವನ ಎದೆಗೇ ಗೊತ್ತು. ಇನ್ನು ಮೂರು ಸಲ ಸಿಕ್ಕಿದರೆ ಮೂರು ಮಹಡಿಯೂ ದಕ್ಕೀತು. ಅದನ್ನು ಹೇಳಬೇಕಾದರೆ ಮೊದಲ ಸಲ ಮಾಡಿದ್ದನ್ನು ಹೇಳಬೇಕು. ಅದನ್ನು ಹೇಳಿದರೆ ಹದಿನಾಲ್ಕು ತಿಂಗಳ ಕಥೆಯೆಲ್ಲ ಅತ್ತೆಯ ಮುಂದೆ ಹರವಿಕೊಳ್ಳುತ್ತದೆ. ಸುಮ್ಮನಿದ್ದು ಮನೆಗೆ ಹೋಗಿಬಿಟ್ಟರೆ ಯಾರಿಗೂ ಏನೂ ತಿಳಿಯುವುದಿಲ್ಲ, ಮಾವನ ಎದೆಯೊಂದಕ್ಕೆ ಬಿಟ್ಟು.

ಅಷ್ಟರಲ್ಲಿ ಅವರ ಕಣ್ಣು ಮೇಜಿನ ಮೇಲಿದ್ದ ಹಳೆಯ ಕಾಗದಕ್ಕೆ ಬಿತ್ತು. ತಲೆಕೆಳಗಾದ ಅಂಕಿಗಳನ್ನು ಓದುವುದು ಅವರಿಗೆ ಲೆಕ್ಕಕ್ಕೇ ಇಲ್ಲ. ನಡಿಗೆಗೆ ಮುಂಚೆ ರಕ್ತದೊತ್ತಡ ನೂರನಲವತ್ತೆಂಟು. ನಡಿಗೆಯ ನಂತರ ನೂರಹನ್ನೆರಡು. ಅಷ್ಟು ಬಿರುಸಾಗಿ ನಡೆದವನಿಗೆ ಏರಬೇಕಾದದ್ದು ಇಳಿದು ಕೂತಿದೆ. ಬೇರೆ ಯಾರದಾದರೂ ಆಗಿದ್ದರೆ ಮಾವ ಆ ಕ್ಷಣವೇ ಚಿಲಕ ತೆಗೆದು ಒಳಗೆ ನುಗ್ಗುತ್ತಿದ್ದರು. ಇಷ್ಟು ದೊಡ್ಡ ಗುರುತು ಬಿಟ್ಟುಹೋದ ಕಳ್ಳನ ಮೇಲೆ ಅವರಿಗೆ ತಿರಸ್ಕಾರ ಹುಟ್ಟಿತು, ಆಮೇಲೆ ಆ ಕಳ್ಳ ಯಾರೆಂದು ನೆನಪಾಗಿ ಕಿವಿ ಬಿಸಿಯಾಯಿತು.

"ಒಂದು ಬಿಳಿ ಹಾಳೆ ಕೊಡ್ತೀರಾ?" ಎಂದರು.

ಬಾಯಲ್ಲಿ ಹೇಳಲು ಆಗದಿದ್ದದ್ದು ಕೈಗೆ ಬಂತು. ಹಲಗೆಗೆ ಬದಲು ಫೈಲನ್ನು ತೊಡೆಯ ಮೇಲಿಟ್ಟುಕೊಂಡು, ದುಂಡಗಿನ ಅಕ್ಷರದಲ್ಲಿ, ನಡುವೆ ತಲೆಯೆತ್ತದೆ ಬರೆದರು:

"ಮಹಜರು. ಸ್ಥಳ: ಹೃದ್ರೋಗ ವಿಭಾಗದ ಮುಂದಿನ ಮೊಗಸಾಲೆ. ಸದರಿ ಸ್ಥಳದಲ್ಲಿ ನಡೆದ ಮೊದಲನೇ ನಡಿಗೆಯ ದಾಖಲೆಯನ್ನು ಪರಿಶೀಲಿಸಲಾಗಿ, ರಕ್ತದೊತ್ತಡವು ಏರುವ ಬದಲು ಇಳಿದಿರುವುದು ಕಂಡುಬಂದಿರುತ್ತದೆ. ಈ ಬಗ್ಗೆ ವಿಚಾರಿಸಲಾಗಿ, ಸದರಿ ಗ್ರಾಹಕರು ಶೌಚಾಲಯಕ್ಕೆ ಹೋಗುವ ನೆಪದಲ್ಲಿ ನಾಲಿಗೆಯ ಅಡಿಯಲ್ಲಿ ಒಂದು ಮಾತ್ರೆಯನ್ನು ಅನಧಿಕೃತವಾಗಿ ಅಳವಡಿಸಿಕೊಂಡಿದ್ದುದಾಗಿಯೂ, ಗಾಲಿಕುರ್ಚಿಗಳ ಮರೆಯಲ್ಲಿ ಗುರುತಿಗಿಂತ ಎರಡು ಮೀಟರ್ ಮುಂಚೆಯೇ ಪ್ರತಿ ಸಲ ತಿರುಗಿದ್ದುದಾಗಿಯೂ ಒಪ್ಪಿಕೊಂಡಿರುತ್ತಾರೆ. ಸದರಿ ಗ್ರಾಹಕರಿಗೆ ಚಿಕಿತ್ಸೆಗೆ ಮುಂಚಿನ ಹದಿನಾಲ್ಕು ತಿಂಗಳು ಸ್ವಂತ ಮನೆಯ ಮೊದಲನೇ ಮಹಡಿಯಲ್ಲಿಯೇ ಎದೆನೋವು ಬರುತ್ತಿದ್ದು, ಬಂದಾಗಲೆಲ್ಲ ಇತರರ ಮೀಟರ್ ತಪಾಸಣೆಯ ಸೋಗಿನಲ್ಲಿ ವಿಶ್ರಮಿಸಿಕೊಂಡಿರುತ್ತಾರೆ. ಪತ್ನಿಗೆ ಹೊಲಿಗೆಯ ಬೆಳಕು ತಪ್ಪಬಾರದೆಂಬ ಕಾರಣಕ್ಕೆ ಸದರಿ ಸಂಗತಿಯನ್ನು ಪತ್ನಿಯಿಂದ ಮರೆಮಾಚಿರುತ್ತಾರೆ. ಆದಕಾರಣ ಮೊದಲನೇ ರೀಡಿಂಗನ್ನು ರದ್ದುಪಡಿಸತಕ್ಕದ್ದು."

ಡಾಕ್ಟರಮ್ಮ ಅದನ್ನು ಓದಿ, ಎರಡೂ ಕಾಗದಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ಹುಡುಗಿಯನ್ನು ಕರೆಸಿದರು. "ಬಿ.ಪಿ. ಮೆಷಿನ್ ಕೆಟ್ಟಿದೆ ಅಂದ್ಕೊಂಡೆ ಮೇಡಂ" ಎಂದಳು ಅವಳು, ಅಳುವ ದನಿಯಲ್ಲಿ. ಡಾಕ್ಟರಮ್ಮ ನಗಲಿಲ್ಲ. "ಆವತ್ತು ಅಲ್ಲೇ ಕುಸಿದು ಬಿದ್ದಿದ್ರೆ ಏನ್ರೀ ಮಾಡ್ತಿದ್ರಿ?" ಎಂದು ಮಾವನಿಗೆ ಚೆನ್ನಾಗಿ ಉಗಿದರು. ಉಗಿದಾದ ಮೇಲೆ ಮೊದಲ ಕಾಗದಕ್ಕೆ ಅಡ್ಡಗೆರೆ ಎಳೆದು, ಮೂರನೇ ಸುತ್ತಿಗೆ ದಿನ ಬರೆದರು.

ಮಾವ ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮಹಜರಿಗೆ ಇಬ್ಬರು ಪಂಚರು ಬೇಕು. ಹುಡುಗಿಯ ರುಜು ಹಾಕಿಸಿಕೊಂಡು, ಹಾಳೆಯನ್ನು ಅತ್ತೆಯ ಕಡೆ ಸರಿಸಿದರು.

ಅತ್ತೆ ಕನ್ನಡಕ ಏರಿಸಿಕೊಂಡು ಬೆರಳಿಟ್ಟು ಓದಿದರು. ಮೀಟರ್ ತಪಾಸಣೆಯ ಸಾಲಿಗೆ ಬಂದಾಗ ಬೆರಳು ನಿಂತಿತು.

"ನಾನು ದಿನಾ ಹಿಂದೆ ನಿಂತು ಬೈತಾ ಇದ್ದೆನಲ್ಲ," ಎಂದರು. "ನೋಯ್ತಾ ಇದ್ದೋರನ್ನ, ನಾಚಿಕೆ ಆಗಲ್ವಾ ಅಂತ ಕೇಳ್ತಾ ಇದ್ದೆ. ನೀವು ಸುಮ್ಮನೆ ಬೈಸಿಕೊಂಡು ನನ್ನನ್ನ ಎಂಥವಳನ್ನಾಗಿ ಮಾಡಿಬಿಟ್ರಿ."

ಮಾವನ ನಾನ್ನೂರು ಮಹಜರಿನಲ್ಲಿ ಯಾವ ಪಂಚರೂ ಇಂಥ ಮಾತು ಆಡಿರಲಿಲ್ಲ.

"ಬೆಳಕಂತೆ. ಟ್ಯೂಬ್‌ಲೈಟ್ ಇಲ್ವಾ ಪ್ರಪಂಚದಲ್ಲಿ?" ಎಂದು ಅತ್ತೆ ರುಜು ಹಾಕಿದರು, ಕಾಗದ ಹರಿಯುವಷ್ಟು ಒತ್ತಿ.

ಮೂರನೇ ಸುತ್ತು ಮುಗಿಯುವವರೆಗೆ ನೋಡೋಣ ಎಂದು ಅತ್ತೆ ಮಗಳ ಲಾರಿಯನ್ನೇನೋ ತಡೆದರು, ಆದರೆ ಅಂದಿನಿಂದ ಮಾವನಿಗೆ ಹೊಸ ಕಷ್ಟ ಶುರುವಾಯಿತು. ಮೆಟ್ಟಿಲು ಹತ್ತುವಾಗ ನಿಜಕ್ಕೂ ನೋವಿರುತ್ತಿರಲಿಲ್ಲ. "ನೋವಿಲ್ಲ ಕಣೇ" ಎಂದರೆ ಅತ್ತೆ "ಬರೆದುಕೊಡಿ" ಎನ್ನುತ್ತಿದ್ದರು. ಮೀಟರ್ ಪೆಟ್ಟಿಗೆಯ ಕಡೆ ಕಣ್ಣು ಹಾಯಿಸಿದರೂ ಸಾಕು, ರಟ್ಟೆ ಹಿಡಿದು ಮೆಟ್ಟಿಲ ಮೇಲೆ ಕೂರಿಸಿ ಐದು ನಿಮಿಷ ಎದುರಿಗೆ ಕಾವಲು ನಿಲ್ಲುತ್ತಿದ್ದರು. ಮಾತ್ರೆಯ ಡಬ್ಬಿ ಅವರ ಸೆರಗಿನ ಗಂಟಿಗೆ ಹೋಯಿತು. ಹೊರಡುವ ಮುಂಚೆ "ಬಾಯಿ ತೆಗೀರಿ, ನಾಲಿಗೆ ಎತ್ತಿ" ಎಂದು ಬ್ಯಾಟರಿ ಹಾಕಿ ನೋಡುತ್ತಿದ್ದರು. ಮಾವ ನಗಿಸಲು ನೋಡಿದರು, ಮುನಿದು ನೋಡಿದರು, ಮಗಳಿಂದ ಹೇಳಿಸಿಯೂ ನೋಡಿದರು. ಅತ್ತೆ ಜಗ್ಗಲಿಲ್ಲ. ತಾನು ಹೇಳಿದ ನಿಜವನ್ನು ಮನೆಯಲ್ಲಿ ಯಾರೂ ನಂಬದಿರುವುದು ಎದೆನೋವಿಗಿಂತ ಕಷ್ಟ ಎಂದು ಮಾವನಿಗೆ ಅರವತ್ತಾರನೇ ವಯಸ್ಸಿನಲ್ಲಿ ತಿಳಿಯಿತು.

ಮೂರನೇ ಸುತ್ತೂ ಮುಗಿದು ಕೊನೆಯ ನಡಿಗೆಯ ದಿನ ಬಂತು. ಅತ್ತೆ ಬೆಂಚಿನಲ್ಲಿ ಕೂರಲಿಲ್ಲ. ಗಂಡನ ಬಾಯಿ ತೆರೆಸಿ ಹುಡುಗಿಗೂ ತೋರಿಸಿ, ನೇರವಾಗಿ ದೂರದ ಶಂಕುವಿನ ಪಕ್ಕಕ್ಕೆ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತುಕೊಂಡರು.

ಮಾವ ನಡೆದರು. ಹೋಗಿ ಬಂದು, ಹೋಗಿ ಬಂದು. ಪ್ರತಿ ಸಲ ಆ ತುದಿಗೆ ಹೋದಾಗಲೂ ಅತ್ತೆ ಅವರ ಕಾಲನ್ನಲ್ಲ, ಮುಖವನ್ನು ನೋಡುತ್ತಿದ್ದರು. ಎರಡನೇ ನಿಮಿಷ ದಾಟಿತು, ನಾಲ್ಕು ದಾಟಿತು, ಐದೂ ದಾಟಿತು. ಮುನ್ನೂರ ತೊಂಬತ್ತು ಮೀಟರ್ ಮುಗಿಸಿ ಅತ್ತೆಯ ಮುಂದೆ ತಿರುಗಬೇಕು ಎನ್ನುವಾಗ ಎದೆಯ ನಡುವೆ ಒಂದು ಸಣ್ಣ ಹಿಡಿತ ಬಂತು. ಹಳೆಯದರ ಕಾಲು ಭಾಗವೂ ಇಲ್ಲ. ಇನ್ನು ನಲವತ್ತು ಸೆಕೆಂಡು. ಇಂಥ ನಲವತ್ತು ಸೆಕೆಂಡುಗಳನ್ನು ಮುಖದ ಮೇಲೆ ಒಂದು ಗೆರೆ ಕದಲದಂತೆ ದಾಟಿಸುವುದು ಮಾವನಿಗೆ ನೀರು ಕುಡಿದಷ್ಟು ಸಲೀಸು. ದಾಟಿಸಿದ್ದರೆ ಕಾಗದದ ಮೇಲೆ ನಾನ್ನೂರ ಮೂವತ್ತಕ್ಕೂ ಮಿಕ್ಕಿ ಬೀಳುತ್ತಿತ್ತು, ಡಾಕ್ಟರಮ್ಮನೂ ಬೆನ್ನು ತಟ್ಟುತ್ತಿದ್ದರು.

ಮಾವ ಶಂಕುವಿನ ಪಕ್ಕದಲ್ಲಿ ನಿಂತುಬಿಟ್ಟರು.

"ಬಂತು ಕಣೇ," ಎಂದರು.

"ಎಲ್ಲಿ?"

"ಇಲ್ಲಿ. ಆಗಿನಷ್ಟಿಲ್ಲ. ಆದ್ರೆ ಬಂದಿದೆ."

ಅತ್ತೆ ಅವರ ಮುಖವನ್ನು ಒಂದು ಗಳಿಗೆ ನೋಡಿದರು. ಬರೆದುಕೊಡಿ ಎನ್ನಲಿಲ್ಲ. ಸೆರಗಿನ ಗಂಟು ಬಿಚ್ಚಿ ಮಾತ್ರೆ ತೆಗೆದು ಕೈಗಿಟ್ಟು, ತೋಳು ಹಿಡಿದು ಹತ್ತಿರದ ಕುರ್ಚಿಯಲ್ಲಿ ಕೂರಿಸಿದರು. ಆ ತುದಿಯಿಂದ ಹುಡುಗಿ, ಇನ್ನೂ ನಲವತ್ತು ಸೆಕೆಂಡ್ ಇದೆ, ಸಾರ್ ಯಾಕೆ ನಿಂತ್ರು ಎಂದು ಕೇಳಿದಳು.

"ಇರ್ಲಿ ಬಿಡಮ್ಮ, ಅಷ್ಟೇ ಬರ್ಕೋ," ಎಂದರು ಅತ್ತೆ. "ಅವರಿಗೆ ನೋಯ್ತಾ ಇದೆ."